ಭಾನುವಾರ ಬದಲಾದ ಕಂಪೈಲರ್

ಲಿಫ್ಟಿನ ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು, ನಡುವೆ ಯಾರದಾದರೂ ಕೈಯೋ ಕಾಲೋ ಸಿಕ್ಕರೆ ಹೇಗೆ ಹಿಂದೆ ಸರಿಯಬೇಕು ಅನ್ನುವುದನ್ನೆಲ್ಲ ನೋಡಿಕೊಳ್ಳಲು ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಆ ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್ ಬರೆಯುವ ಕಂಪನಿಯಲ್ಲಿ ಅವಳದು ಎಂಟು ವರ್ಷದ ನೌಕರಿ. ಬೇರೆಯವರು ಬರೆದ ಮುನ್ನೂರು ಚಿಲ್ಲರೆ ಫೈಲುಗಳನ್ನು ಒಂದೊಂದಾಗಿ, ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಬಾಯಿಗೆ ಕೊಟ್ಟು, ಕೊನೆಗೆ ಪೆಟ್ಟಿಗೆಗೆ ತುಂಬುವ ಒಂದೇ ಗಂಟಾಗಿ ಕಟ್ಟುವುದು, ಅಂದರೆ ಬಿಲ್ಡ್ ಮಾಡುವುದು, ಅವಳ ಕೆಲಸ. ಹಾಗಾಗಿ ಎದುರಿಗೆ ಮೇಡಂ, ಬೆನ್ನ ಹಿಂದೆ ಬಿಲ್ಡಮ್ಮ. ಆ ಹೆಸರು ಅವಳ ಕಿವಿಗೂ ಬಿದ್ದಿತ್ತು. ಬಿದ್ದರೂ ಕೇಳದವಳ ಹಾಗೆ ಇದ್ದಳು.

ಬಿಲ್ಡ್ ಪ್ರತಿದಿನ ಬೆಳಿಗ್ಗೆ ಆರಕ್ಕೆ ತಾನಾಗಿಯೇ ಓಡುತ್ತಿತ್ತು. ಅವಳು ಒಂಬತ್ತಕ್ಕೆ ಬಂದು, ಹಸಿರು ಗುರುತು ನೋಡಿ, ಕಾಫಿಗೆ ಹೋಗುವುದು ವಾಡಿಕೆ. ಆ ಸೋಮವಾರ ಗುರುತು ಕೆಂಪಗಿತ್ತು. ಅದೂ ಎಲ್ಲೋ ನಡುವೆ ಅಲ್ಲ, ಮೊದಲನೇ ಫೈಲಿನಲ್ಲೇ ಕಂಪೈಲರ್ ಮುಷ್ಕರ ಹೂಡಿ ಕೂತಿತ್ತು. ಅದು ಕೊಟ್ಟ ಕಾರಣವೂ ವಿಚಿತ್ರ. ನೀನು ಹೇಳುತ್ತಿರುವ ಕಾವಲು ಈಗಾಗಲೇ ಹಾಕಿದೆ, ಮತ್ತೆ ಯಾಕೆ ಹಾಕುತ್ತೀಯ ಅನ್ನುವುದು ಅದರ ತಕರಾರು.

ಕಾವಲು ಅಂದರೆ ಇಷ್ಟೇ. ಹದಿನಾರು ಅಕ್ಷರದ ಜಾಗಕ್ಕೆ ಇಪ್ಪತ್ತು ಅಕ್ಷರ ತುರುಕಲು ಹೋದರೆ ಮಿಕ್ಕ ನಾಲ್ಕು ಪಕ್ಕದ ಜಾಗಕ್ಕೆ ನುಗ್ಗಿ ಅಲ್ಲಿರುವುದನ್ನು ಕೆಡಿಸುತ್ತವೆ. ಹಾಗಾಗುವ ಮೊದಲೇ ಪ್ರೋಗ್ರಾಂ ಅನ್ನು ತಡೆದು ನಿಲ್ಲಿಸುವಂತೆ ಕಂಪೈಲರ್‌ಗೆ ಕೊಡುವ, ಫ್ಲ್ಯಾಗ್ ಅನ್ನುವ ಸಣ್ಣ ಸೂಚನೆಗಳಿವೆ. ಆ ಫ್ಲ್ಯಾಗ್‌ಗಳನ್ನು ಮೊದಲಿನಂತೆ ಕೆಲವಕ್ಕೆ ಮಾತ್ರವಲ್ಲ, ಎಲ್ಲ ಫೈಲುಗಳಿಗೂ ಕಡ್ಡಾಯ ಮಾಡಿದವಳು ಅವಳೇ. ಕಂಪೈಲರ್ ಬರೀ ಎಚ್ಚರಿಕೆ ಕೊಟ್ಟರೂ ಅದನ್ನು ತಪ್ಪೆಂದೇ ಎಣಿಸಿ ಬಿಲ್ಡ್ ನಿಲ್ಲಿಸಬೇಕು ಅನ್ನುವ ಕಟ್ಟುನಿಟ್ಟೂ ಅವಳದೇ. ಈಗ ಆ ಎರಡೂ ಸೇರಿ ಅವಳ ಕುತ್ತಿಗೆಗೇ ಬಂದಿದ್ದವು.

ಶುಕ್ರವಾರ ಇಲ್ಲದ ತಕರಾರು ಸೋಮವಾರ ಎಲ್ಲಿಂದ ಬಂತು? ಅವಳು ಕಂಪೈಲರ್‌ನ ಆವೃತ್ತಿ ಕೇಳಿದಳು. ಹದಿಮೂರು ಅಂದಿತು. ಎಂಟು ವರ್ಷದಿಂದ ಅಲ್ಲಿದ್ದದ್ದು ಒಂಬತ್ತು. ಹೊಸದು ಕಾವಲನ್ನು ತಾನೇ ಹೊತ್ತು ತರುವ ಜಾತಿಯದು. ಅದರ ಮೇಲೆ ಇವಳದೂ ಸೇರಿ, ಒಂದೇ ಮಾತನ್ನು ಎರಡು ಸಲ ಹೇಳಿದಂತಾಗಿ, ಎಚ್ಚರಿಕೆ ಬಂದು, ಬಿಲ್ಡ್ ನಿಂತಿತ್ತು. ಕಾರಣ ಸಿಕ್ಕಿತು. ಆದರೆ ಕಂಪೈಲರ್ ಕಾಲು ಬಂದು ತಾನಾಗಿ ನಡೆದುಕೊಂಡು ಬಂದು ಕೂತುಕೊಳ್ಳುವುದಿಲ್ಲವಲ್ಲ. ಯಾರೋ ಹಾಕಿದ್ದರು.

ಬಿಲ್ಡ್ ಓಡುವ ಯಂತ್ರದ ದಾಖಲೆ ತೆಗೆದು ನೋಡಿದಳು. ಭಾನುವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ 'ಬಿಲ್ಡ್' ಅನ್ನುವ ಖಾತೆಯಿಂದ ಯಾರೋ ಒಳಗೆ ಬಂದು ಹೊಸ ಕಂಪೈಲರ್ ಕೂರಿಸಿ ಹೋಗಿದ್ದರು. ಆ ಖಾತೆಯ ಪಾಸ್‌ವರ್ಡ್ ಗೊತ್ತಿದ್ದದ್ದು ಮೂವರಿಗೆ. ಒಬ್ಬಳು ತಾನು. ಇನ್ನೊಬ್ಬರು ಬಾಗಿಲಿನ ಪ್ರೋಗ್ರಾಂ ಅನ್ನು ಮೊದಲು ಬರೆದವರು, ಕಂಪನಿಯ ಹಿರಿಯ ಎಂಜಿನಿಯರ್, ಅವಳ ಸ್ವಂತ ಅಕ್ಕನ ಗಂಡ. ಆಫೀಸಿನಲ್ಲಿ ಅವರು ಸರ್, ಮನೆಯಲ್ಲಿ ಭಾವ. ಮೂರನೆಯವನು ಸರ್ವರ್ ಕೋಣೆ ನೋಡಿಕೊಳ್ಳುವವನು. ಕೇಳಿದ್ದಕ್ಕಿಂತ ಒಂದು ಪದ ಹೆಚ್ಚಿಗೆ ಆಡದ ಅವನನ್ನು ಎಲ್ಲರೂ ಮೌನಿ ಅನ್ನುತ್ತಿದ್ದರು.

ಅವಳು ಗೇಟಿಗೆ ಹೋಗಿ ರಿಜಿಸ್ಟರ್ ತಿರುವಿದಳು. ಭಾನುವಾರದ ಪುಟದಲ್ಲಿ ಒಂದೇ ಸಹಿ. ಮೌನಿಯದು. ಒಳಗೆ ಹತ್ತು ನಲವತ್ತು, ಹೊರಗೆ ಹನ್ನೆರಡು.

"ಭಾನುವಾರ ಬಂದಿದ್ರಾ?" ಅಂತ ಸರ್ವರ್ ಕೋಣೆಯ ಬಾಗಿಲಲ್ಲೇ ನಿಂತು ಕೇಳಿದಳು.

"ಬಂದಿದ್ದೆ ಮೇಡಂ."

"ಯಾಕೆ?"

"ಏಸಿ ನೀರು ಸೋರ್ತಿತ್ತು."

"ಬಿಲ್ಡ್ ಯಂತ್ರ ಮುಟ್ಟಿದ್ರಾ?"

"ಇಲ್ಲ."

ಅಷ್ಟೇ. ತಿರುಗಿ ತನ್ನ ಕೆಲಸಕ್ಕೆ ಹೋದ. ತಪ್ಪು ಮಾಡದವನು ಯಾಕೆ ಕೇಳ್ತಿದ್ದೀರಿ ಅಂತ ಒಂದು ಮಾತಾದರೂ ಕೇಳುವುದಿಲ್ಲವೇ? ಅವಳ ತಲೆಯಲ್ಲಿ ಹುಳ ಕೊರೆಯಲು ಶುರುವಾಯಿತು. ಹೋದ ತಿಂಗಳು ಇವನೇ ಅಲ್ಲವೇ, ಬಿಲ್ಡ್ ಯಂತ್ರ ಹಳೆಯದಾಯಿತು, ಎಲ್ಲ ಹೊಸದು ಮಾಡಬೇಕು ಅಂತ ಮೇಲ್ ಹಾಕಿದ್ದು? ತಾನು ಬೇಡ ಅಂದಿದ್ದಳು. ಆ ಸಿಟ್ಟು ಇರಬಹುದು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನು ಒಬ್ಬನೇ ಕೂತು ಉಣ್ಣುವುದನ್ನು ಕಂಡಾಗ, ಅದರಲ್ಲೂ ಏನೋ ಮುಚ್ಚಿಡುವವನ ಲಕ್ಷಣ ಕಾಣಿಸಿತು. ಅವನು ಆರು ವರ್ಷದಿಂದ ಹಾಗೆ ಒಬ್ಬನೇ ಉಣ್ಣುತ್ತಿದ್ದ ಅನ್ನುವುದು ಆಗ ನೆನಪಿಗೆ ಬರಲಿಲ್ಲ.

ಸಂಜೆ ಮ್ಯಾನೇಜರ್ ಕರೆದರು. ಎರಡು ವಾರದಲ್ಲಿ ಹೊರಗಿನ ತಪಾಸಣೆಯವರು ಬರುವವರಿದ್ದರು. ಯಾವ ಕಂಪೈಲರ್, ಯಾವ ಫ್ಲ್ಯಾಗ್ ಅನ್ನುವುದನ್ನೆಲ್ಲ ಬರೆದು ಕೊಡಬೇಕಿತ್ತು.

"ಯಾರು ಮಾಡಿದ್ದು ಅಂತ ಗೊತ್ತಾಯ್ತಾ?"

"ಖಾತರಿಯಾಗಿ ಗೊತ್ತಿಲ್ಲ ಸರ್. ಭಾನುವಾರ ಕಟ್ಟಡದೊಳಗೆ ಇದ್ದದ್ದು ಒಬ್ಬರೇ."

"ಯಾರು?"

ಅವಳು ಹೇಳಿದಳು. ನಾನು ಯಾರ ತಲೆ ಮೇಲೂ ಗೂಬೆ ಕೂರಿಸಲಿಲ್ಲ, ರಿಜಿಸ್ಟರಿನಲ್ಲಿ ಇದ್ದದ್ದನ್ನು ಹೇಳಿದೆ ಅಷ್ಟೇ ಅಂತ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಮಂಗಳವಾರ ಬೆಳಿಗ್ಗೆ ಮೌನಿ ಸರ್ವರ್ ಕೋಣೆಯ ಕೀಲಿಗೊಂಚಲನ್ನು ಮ್ಯಾನೇಜರ್ ಮೇಜಿನ ಮೇಲಿಟ್ಟು, ಸ್ಟೋರಿನ ಮೂಲೆಯಲ್ಲಿ ಹಳೆಯ ಕೇಬಲ್ ಎಣಿಸಲು ಹೋದ. ಭಾವ ಕಾರಿಡಾರಿನಲ್ಲಿ ನಿಂತು ಅದನ್ನು ನೋಡಿದರು. ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು, ತಮ್ಮ ಜಾಗಕ್ಕೆ ಹೋದರು.

ಇತ್ತ ಅವಳು ಬಿಲ್ಡ್ ಸರಿ ಮಾಡಲು ಕೂತಳು. ಅಷ್ಟೇನೂ ಕಷ್ಟದ ಕೆಲಸವಲ್ಲ. ಕಂಪೈಲರ್‌ಗೆ ಕೊಡುವ ಆದೇಶದ ಕಟ್ಟಕಡೆಯಲ್ಲಿ, ಇದ್ದ ಕಾವಲನ್ನು ಮೊದಲು ತೆಗೆ, ಆಮೇಲೆ ನಾನು ಹೇಳಿದ್ದನ್ನು ಹಾಕು ಅಂತ ಬರೆದರೆ ಮುಗಿಯಿತು. ಬರೆದಳು. ಮುನ್ನೂರು ಫೈಲುಗಳೂ ತುಟಿ ಪಿಟಕ್ಕೆನ್ನದೆ ಪಾಸಾದವು. ಆಮೇಲೆ ಗಂಟನ್ನು ಪರೀಕ್ಷೆಗೆ ಹಚ್ಚಿದಳು. ಪರೀಕ್ಷೆಗಳು ಒಂದರ ಹಿಂದೊಂದು ಓಡಿ, ಬಾಗಿಲಿನ ಪರೀಕ್ಷೆಗೆ ಬಂದಾಗ ಪ್ರೋಗ್ರಾಂ ಧೊಪ್ಪನೆ ನಿಂತಿತು. ಕಾವಲು ತಡೆದಿತ್ತು. ಚಿಕ್ಕ ಜಾಗಕ್ಕೆ ದೊಡ್ಡದನ್ನು ತುರುಕಲು ಯಾರೋ ಹೋಗಿದ್ದರು.

ಹೊಸ ಕಂಪೈಲರ್ ಹುಚ್ಚಾಟ ಅಂದುಕೊಂಡಳು. ಅನುಮಾನ ಬಂದ ಮೇಲೆ ಎಲ್ಲ ಪಾಪವನ್ನೂ ಒಬ್ಬರ ಮೇಲೇ ಹೊರಿಸುವುದು ಸುಲಭ. ಬುಧವಾರ ಹಳೆಯ ಒಂಬತ್ತನೇ ಆವೃತ್ತಿಯನ್ನೇ ಬೇರೊಂದು ಯಂತ್ರದಲ್ಲಿ ಹಾಕಿ, ಅದೇ ಆದೇಶ ಕೊಟ್ಟು ಮತ್ತೆ ಮಾಡಿದಳು. ಅದೂ ಅದೇ ಜಾಗದಲ್ಲಿ ನಿಂತಿತು. ಹಾಗಾದರೆ ಕಂಪೈಲರ್‌ನದಲ್ಲ ತಪ್ಪು. ಈ ಸಲ ತಾನು ಕೊನೆಯಲ್ಲಿ ಬರೆದದ್ದನ್ನು ತೆಗೆದು, ಹಳೆಯ ಕಂಪೈಲರ್, ಹಳೆಯ ಆದೇಶ, ಎಲ್ಲ ಶುಕ್ರವಾರ ಇದ್ದಂತೆಯೇ ಇಟ್ಟು ಮಾಡಿದಳು. ಪರೀಕ್ಷೆ ಹಸಿರಾಯಿತು.

ಅವಳು ಕುರ್ಚಿ ಹಿಂದಕ್ಕೆ ಸರಿಸಿದಳು. ಶುಕ್ರವಾರವೂ ಕಾವಲು ಇತ್ತು, ಈಗಲೂ ಕಾವಲು ಇದೆ. ಶುಕ್ರವಾರದ ಕಾವಲುಗಾರನಿಗೆ ಕಾಣದ್ದು ಇವತ್ತಿನವನಿಗೆ ಹೇಗೆ ಕಂಡಿತು? ಶುಕ್ರವಾರದವನು ಅಲ್ಲಿ ಇರಲೇ ಇಲ್ಲವಾದರೆ ಮಾತ್ರ.

ಪ್ರತಿ ಫೈಲಿಗೂ ನಿಜವಾಗಿ ಹೋಗುವ ಪೂರ್ತಿ ಆದೇಶವನ್ನು ತೆರೆಯ ಮೇಲೆ ತೋರಿಸುವಂತೆ ಮಾಡಿ, ಬೆರಳಿಟ್ಟು ಸಾಲು ಸಾಲಾಗಿ ಓದಿದಳು. ಬಾಗಿಲಿನ ಫೈಲಿಗೆ ಬಂದಾಗ ಬೆರಳು ನಿಂತಿತು. ಅವಳ ಫ್ಲ್ಯಾಗ್‌ಗಳೆಲ್ಲ ಇದ್ದವು. ಅವುಗಳ ಹಿಂದೆಯೇ, ಅವಳು ಬರೆಯದ ಒಂದು ಮಾತು: ಕಾವಲು ತೆಗೆ. ಬೇರೆ ಯಾವ ಫೈಲಿಗೂ ಅದು ಇರಲಿಲ್ಲ. ಅವಳು ಕಡ್ಡಾಯ ಮಾಡಿದ್ದನ್ನು ಆ ಒಂದು ಫೈಲು ಇಷ್ಟು ವರ್ಷ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿತ್ತು. ಈಗ ತಾನು ಕಟ್ಟಕಡೆಯಲ್ಲಿ ಬರೆದದ್ದರಿಂದ ಮೊದಲ ಬಾರಿಗೆ ಅದರ ಮೇಲೆ ಕಾವಲು ಬಿದ್ದಿತ್ತು.

ಆ ಮಾತು ಇದ್ದದ್ದು ಬಾಗಿಲಿನ ಫೋಲ್ಡರಿನೊಳಗಿನ, ಯಾರೂ ತೆರೆದು ನೋಡದ, ಒಂದೇ ಸಾಲಿನ ಸಣ್ಣ ಫೈಲಿನಲ್ಲಿ. ಯಾರು ಬರೆದದ್ದು, ಯಾವಾಗ ಅಂತ ಕೇಳಿದಳು. ಒಂಬತ್ತು ವರ್ಷದ ಹಿಂದಿನ ತಾರೀಕು ಬಂತು. ಅವಳು ಕೆಲಸಕ್ಕೆ ಸೇರುವುದಕ್ಕೂ ಮುಂಚೆ. ಜೊತೆಗೆ 'ಸದ್ಯಕ್ಕೆ' ಅನ್ನುವ ಒಂದೇ ಪದದ ಟಿಪ್ಪಣಿ, ಭಾವನ ಹೆಸರು.

ಸೋಮವಾರ ನೋಡಿದ್ದ ದಾಖಲೆಯನ್ನು ಅವಳು ಮತ್ತೆ ತೆಗೆದಳು. ಈ ಸಲ ಪುಟವನ್ನು ಬಲಕ್ಕೆ ಸರಿಸಿದಳು. ತೆರೆಯಿಂದ ಆಚೆಗೆ ಇನ್ನೊಂದು ಕಾಲಂ ಇತ್ತು. ಬಂದವರು ಎಲ್ಲಿಂದ ಬಂದರು ಅನ್ನುವುದು. ಭಾನುವಾರ ಹನ್ನೊಂದು ಇಪ್ಪತ್ತಕ್ಕೆ ಬಂದವರು ಕಟ್ಟಡದ ಹೊರಗಿನಿಂದ ಬಂದಿದ್ದರು. ಆ ಹೊತ್ತಿಗೆ ಮೌನಿ ಕಟ್ಟಡದ ಒಳಗೆ, ಬಕೆಟ್ ಹಿಡಿದು ಏಸಿಯ ಕೆಳಗೆ ನಿಂತಿದ್ದ. ಸೋಮವಾರವೇ ಇದೊಂದನ್ನು ನೋಡಿದ್ದರೆ ಸಾಕಿತ್ತು. ನೋಡಬೇಕು ಅಂತ ಅನ್ನಿಸಿರಲಿಲ್ಲ, ಯಾಕೆಂದರೆ ಬೇಕಾದವನು ಆಗಲೇ ಸಿಕ್ಕಿಬಿಟ್ಟಿದ್ದ.

ಗುರುವಾರ ಬೆಳಿಗ್ಗೆ ಅವಳು ದೂರುಗಳ ಕಡತ ತೆಗೆದಳು. ಪರೀಕ್ಷೆ ನಿಂತ ಸಾಲಿನಲ್ಲಿ ತುರುಕಿದ್ದು ಮಹಡಿಯ ಹೆಸರು ಅಂತ ಅವಳು ಆಗಲೇ ನೋಡಿಕೊಂಡಿದ್ದಳು. ಪೆಟ್ಟಿಗೆಯಲ್ಲಿ ಅದಕ್ಕೆ ಇದ್ದ ಜಾಗ ಹದಿನಾರು ಅಕ್ಷರ. ಪಕ್ಕದ ಜಾಗದಲ್ಲಿ, ಅಡ್ಡ ಸಿಕ್ಕಿದ್ದಕ್ಕೆ ಬಾಗಿಲು ಎಷ್ಟು ಬೇಗ ಹಿಂದೆ ಸರಿಯಬೇಕು ಅನ್ನುವ ಅಂಕಿ. 'ಒಂದನೇ ಮಹಡಿ' ಅಂತ ಇದ್ದಲ್ಲಿ ಏನೂ ಆಗುವುದಿಲ್ಲ. ಒಂದು ಆಸ್ಪತ್ರೆಯವರು ಮಾತ್ರ ಮಹಡಿಗಳಿಗೆ ವಿಭಾಗದ ಉದ್ದುದ್ದ ಹೆಸರು ಇಟ್ಟಿದ್ದರು. ಅಲ್ಲಿಂದ ಮೂರು ದೂರು. ಬಾಗಿಲು ತಡವಾಗಿ ಸರಿಯುತ್ತದೆ. ಮತ್ತೆ ಅದೇ. ಮೂರನೆಯದು ಹೋದ ವರ್ಷದ್ದು: ಒಬ್ಬ ಅಜ್ಜಿಯ ಮಣಿಕಟ್ಟು ಸಿಕ್ಕಿ ಮೂಳೆ ಬಿರುಕು ಬಿಟ್ಟಿದೆ. ಮೂರಕ್ಕೂ ಭಾವನೇ ಉತ್ತರ ಬರೆದಿದ್ದರು. ಸೆನ್ಸರ್ ಮೇಲೆ ಧೂಳು ಕೂತಿದೆ, ಒರೆಸಿಸಿ.

ಗೊತ್ತಿದ್ದೂ ಬರೆದರೇ, ಗೊತ್ತಿಲ್ಲದೆಯೇ? ಈ ಕೆಲಸಕ್ಕೆ ತನ್ನನ್ನು ಸೇರಿಸಿದ್ದು ಇದೇ ಭಾವ. ಬಿಲ್ಡ್ ನಮ್ಮವಳ ಕೈಯಲ್ಲಿದ್ದರೆ ಕೆದಕುವುದಿಲ್ಲ ಅಂತಲೇ ಸೇರಿಸಿದರೇ? ಆ ಯೋಚನೆ ಬಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಆದರೂ ಅದು ಬಿಟ್ಟು ಹೋಗಲಿಲ್ಲ.

ಮೂರೂವರೆಗೆ ಅರ್ಧ ದಿನದ ರಜೆ ಬರೆದುಕೊಟ್ಟು ಅಕ್ಕನ ಮನೆಗೆ ಹೋದಳು. ಅಕ್ಕ ಶಾಲೆಯ ಟೀಚರ್. ಸೋಫಾದ ಮೇಲೆ ಕಾಲು ಮಡಚಿ ಕೂತು ಗಣಿತದ ಉತ್ತರಪತ್ರಿಕೆ ತಿದ್ದುತ್ತಿದ್ದಳು.

"ಏನೇ ಪುಟ್ಟಿ, ಈ ಹೊತ್ತಲ್ಲಿ?"

"ಹೀಗೇ ಬಂದೆ. ನೋಡಿ ಎಷ್ಟು ದಿನ ಆಯ್ತು."

"ಅದೂ ಸರಿ. ಕೂತ್ಕೋ. ಈ ಹುಡುಗರು ಭಾಗಾಕಾರಾನ ಏನು ಮಾಡಿಟ್ಟಿದಾರೆ ನೋಡು."

ನೋಡಿದಳು, ನಕ್ಕಳು, ಚಹಾ ಕುಡಿದಳು. ಆಮೇಲೆ ಏನೋ ಸುಮ್ಮನೆ ನೆನಪಾದವಳಂತೆ, "ಭಾನುವಾರ ಫೋನ್ ಮಾಡೋಣ ಅಂತಿದ್ದೆ. ಮನೇಲೇ ಇದ್ರಾ ಇಬ್ಬರೂ?" ಅಂದಳು.

"ಇದ್ವಿ. ನಿಮ್ಮ ಭಾವ ಬೆಳಿಗ್ಗೆಯಿಂದ ರೂಮಿನ ಬಾಗಿಲು ಹಾಕ್ಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ರು. ಊಟಕ್ಕೆ ಮೂರು ಸಲ ಕರೆದೆ. ಹೊರಗೆ ಬಂದವರ ಮುಖ ನೋಡಿ ಜ್ವರ ಬಂತೇನೋ ಅಂತ ಹಣೆ ಮುಟ್ಟಿ ನೋಡಿದೆ." ಅಕ್ಕ ಪೆನ್ನು ಕೆಳಗಿಟ್ಟಳು. "ಯಾಕೆ ಕೇಳ್ತಿದೀಯ?"

"ಏನಿಲ್ಲ."

ಅಕ್ಕ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಮತ್ತೆ ಪೆನ್ನು ಕೈಗೆತ್ತಿಕೊಂಡಳು. ಅಲ್ಲಿಂದ ಮುಂದೆ ಮಾತು ಸಲೀಸಾಗಿ ಹರಿಯಲಿಲ್ಲ.

ಐದೂವರೆಗೆ ಭಾವ ಬಂದರು. ಹಜಾರದಲ್ಲಿ ಅವಳು ಕೂತಿರುವುದನ್ನು ಕಂಡು ಬೂಟು ಬಿಚ್ಚುತ್ತಿದ್ದ ಕೈ ಒಂದು ಗಳಿಗೆ ನಿಂತಿತು. "ಒಳಗೆ ಬಾ," ಅಂದು ರೂಮಿಗೆ ಹೋದರು. ಅವಳು ಹಿಂದೆಯೇ ಹೋಗಿ ಬಾಗಿಲು ಸರಿಸಿದಳು.

"ಯಾರು ಹೇಳಿದ್ರು?" ಅಂತ ಕೇಳಿದರು.

"ಯಾರೂ ಹೇಳಿಲ್ಲ. ದಾಖಲೇಲಿ ಬಲಗಡೆ ಕೊನೇ ಕಾಲಂ ನೋಡಿದೆ. ಆಮೇಲೆ ಬಾಗಿಲಿನ ಫೋಲ್ಡರಿನ ಆ ಒಂದು ಸಾಲು."

ಭಾವ ಹಾಸಿಗೆಯ ಅಂಚಿನಲ್ಲಿ ಕೂತರು. ಅವರಿಗೆ ಎರಡು ತಿಂಗಳಲ್ಲಿ ನಿವೃತ್ತಿ. ಆ ಹೊತ್ತಿಗೆ ಇರುವುದಕ್ಕಿಂತ ಹತ್ತು ವರ್ಷ ಹೆಚ್ಚು ವಯಸ್ಸಾದವರಂತೆ ಕಂಡರು.

"ಒಂಬತ್ತು ವರ್ಷದ ಹಿಂದೆ, ಮಾಲು ಹೊರಡೋ ದಿನ ಪರೀಕ್ಷೆ ನಿಂತೋಯ್ತು," ಅಂದರು. "ಆಗಿನ ಕಂಪೈಲರ್ ಸುಳ್ಳು ಸುಳ್ಳೇ ಎಚ್ಚರಿಕೆ ಕೊಡ್ತಿತ್ತು. ಇದೂ ಹಂಗೇ ಅಂದ್ಕೊಂಡೆ. ಇವತ್ತು ಕಾವಲು ತೆಗೀತೀನಿ, ವಾರದಲ್ಲಿ ಕೂತು ನೋಡ್ತೀನಿ ಅಂತ. ಆ ವಾರ ಬರಲೇ ಇಲ್ಲ."

"ಗೊತ್ತಾಗಿದ್ದು ಯಾವಾಗ?"

"ಮೊದಲ ಎರಡು ದೂರಿಗೆ ನಿಜವಾಗ್ಲೂ ಧೂಳು ಅಂತಲೇ ಬರೆದೆ. ನೀನು ನಂಬು, ಬಿಡು."

"ಮೂರನೇದಕ್ಕೆ?"

"ಅನುಮಾನ ಬಂದಿತ್ತು. ಬರೆದ ಮೇಲೆ ಹೋಗಿ ನೋಡಿದೆ. ಮಹಡಿ ಹೆಸರು ಕಣ್ಣಿಗೆ ಬಿತ್ತು."

"ಒಂದು ವರ್ಷ ಭಾವ."

"ಫೈಲನ್ನ ಸದ್ದಿಲ್ಲದೆ ಸರಿ ಮಾಡಬಹುದಿತ್ತು. ಆದರೆ ಕಟ್ಟಡಗಳಲ್ಲಿ ಆಗ್ಲೇ ಕೂತಿರೋ ಪೆಟ್ಟಿಗೆಗಳು? ಅವನ್ನ ಬದಲಾಯಿಸಬೇಕು ಅಂದ್ರೆ ಯಾಕೆ ಅಂತ ಹೇಳಬೇಕು. ಹೊಸ ಕಂಪೈಲರ್ ಫೈಲು ಓದುವಾಗಲೇ ಇಂಥದ್ದನ್ನ ಹಿಡಿಯುತ್ತೆ ಅಂತ ಕೇಳಿದ್ದೆ. ಅದೇ ಹಿಡೀಲಿ, ನೀನು ನೋಡ್ತೀಯ, ನೀನು ಮೇಲೆ ಹೇಳ್ತೀಯ, ಯಂತ್ರ ಕಂಡುಹಿಡೀತು ಅಂತಾಗುತ್ತೆ, ನನ್ನ ಯಾರೂ ಕೇಳಲ್ಲ. ಆದ್ರೆ ಅದು ನನ್ನ ಫೈಲಿನವರೆಗೆ ಬರಲೇ ಇಲ್ಲ. ಮೊದಲನೇದರಲ್ಲೇ ನಿಂತುಬಿಡ್ತು."

"ನಿಮ್ಮ ಫೈಲಿಗೆ ಬಂದ ಮೇಲೂ ಅದು ಏನೂ ಹೇಳ್ಲಿಲ್ಲ. ಮಹಡಿ ಹೆಸರು ಕಟ್ಟಡದವರು ತುಂಬೋದು. ಎಷ್ಟುದ್ದ ಇರುತ್ತೆ ಅಂತ ಕಂಪೈಲರ್‌ಗೆ ಹೇಗೆ ಗೊತ್ತಾಗಬೇಕು?"

ಭಾವ ತಲೆ ಆಡಿಸಿದರು. ಒಂದು ಸಣ್ಣ ನಗೆಯಂಥದ್ದು ಬಂದು ಹೋಯಿತು. ಅದು ಅವಳ ಸಿಟ್ಟನ್ನು ನೆತ್ತಿಗೇರಿಸಿತು.

"ಸರ್ವರ್ ಕೋಣೆಯವರು ಕೀಲಿ ಇಟ್ಟು ಹೋಗಿದ್ದನ್ನ ನೀವು ನಿಂತು ನೋಡಿದ್ರಿ."

"ಹೆಸರು ಹೇಳಿದ್ದು ನೀನು," ಅಂದರು ಭಾವ. ದನಿ ಏರಿಸಲಿಲ್ಲ.

ಅವಳು ಬಾಗಿಲ ಚಿಲಕಕ್ಕೆ ಕೈ ಹಾಕಿದಳು. "ನಾಳೆ ಹತ್ತು ಗಂಟೆಗೆ ನಾನು ಮ್ಯಾನೇಜರ್ ಹತ್ರ ಹೋಗ್ತೀನಿ. ಅಷ್ಟರೊಳಗೆ ನೀವು ಹೋಗಿದ್ರೆ ನಾನು ನಿಮ್ಮ ಹಿಂದೆ ಬಂದು ಫೈಲು ತೋರಿಸ್ತೀನಿ. ಹೋಗಿರ್ಲಿಲ್ಲ ಅಂದ್ರೆ ನಾನೇ ಎಲ್ಲ ಹೇಳ್ತೀನಿ."

ಅಷ್ಟು ಹೇಳಿ ಬಂದರೂ ನಂಬಿಕೆ ಬರಲಿಲ್ಲ. ಶುಕ್ರವಾರ ಏಳೂವರೆಗೇ ಆಫೀಸಿಗೆ ಹೋಗಿ, ಆ ಒಂದು ಸಾಲು, ಅದರ ತಾರೀಕು, ದೂರುಗಳು, ಎಲ್ಲದರ ಪ್ರತಿ ಮುದ್ರಿಸಿ ತನ್ನ ಬ್ಯಾಗಿನಲ್ಲಿಟ್ಟುಕೊಂಡಳು. ಆ ಸಾಲು ಇನ್ನೂ ಇದೆಯೇ ಅಂತ ಎರಡು ಸಲ ನೋಡಿದಳು. ಇತ್ತು. ಒಂಬತ್ತು ಮುಕ್ಕಾಲಾದರೂ ಭಾವನ ಕುರ್ಚಿ ಖಾಲಿ. ಹತ್ತಕ್ಕೆ ಐದು ನಿಮಿಷ ಇರುವಾಗ ಎದ್ದು ಹೋದರೆ, ಮ್ಯಾನೇಜರ್ ಕೋಣೆಯ ಗಾಜಿನಾಚೆ ಭಾವ ಆಗಲೇ ಕೂತಿದ್ದರು. ಮೇಜಿನ ಮೇಲೆ ಅವರ ಕೈಬರಹದ ಎರಡು ಹಾಳೆ.

ಮ್ಯಾನೇಜರ್ ಅವಳು ತಂದ ಪ್ರತಿಗಳನ್ನು ತಿರುವಿ ಹಾಕಿ, ಇಬ್ಬರ ಮುಖವನ್ನೂ ನೋಡಿದರು. "ನೀವಿಬ್ಬರೂ ಸಂಬಂಧಿಕರಲ್ವಾ? ನಿಮಗೆ ಇದು ಯಾವಾಗಿನಿಂದ ಗೊತ್ತಿತ್ತು ಮೇಡಂ?"

"ಬುಧವಾರದಿಂದ."

"ಎಂಟು ವರ್ಷ ದಿನಾ ಬಿಲ್ಡ್ ಮಾಡಿದೀರಿ, ಬುಧವಾರ ಗೊತ್ತಾಯ್ತು."

"ಹೌದು," ಅಂದಳು. ಮ್ಯಾನೇಜರ್ ನಂಬಲಿಲ್ಲ ಅನ್ನುವುದು ಅವರ ಹುಬ್ಬಿನಲ್ಲೇ ಗೊತ್ತಾಗುತ್ತಿತ್ತು. ನಿಜ ಹೇಳಿಯೂ ನಂಬಿಸಲಾಗದವರ ಪಾಡು ಹೇಗಿರುತ್ತದೆ ಅಂತ ಆಗ ಅವಳಿಗೆ ಅರ್ಥವಾಯಿತು.

ಅದೇ ದಿನ ಆಸ್ಪತ್ರೆಗೆ ಫೋನ್ ಹೋಯಿತು. ಮಹಡಿಗಳ ಹೆಸರು ಮೊಟಕಾಯಿತು. ಅಜ್ಜಿಯ ಮನೆಯವರಿಗೆ ಕಂಪನಿಯವರು ಪತ್ರ ಬರೆದರು. ತಪಾಸಣೆಯವರಿಗೆ ಇದ್ದದ್ದನ್ನು ಇದ್ದ ಹಾಗೆ ತಿಳಿಸಿ ದಿನಾಂಕ ಮುಂದಕ್ಕೆ ಹಾಕಿಸಿಕೊಂಡರು. ನಲವತ್ತೊಂದು ಕಟ್ಟಡಗಳ ಪೆಟ್ಟಿಗೆಗಳಿಗೆ ಹೊಸ ಗಂಟು ಹಾಕಬೇಕಿತ್ತು. ನಾನೇ ಹೋಗಿ ಹಾಕಿ ಬರುತ್ತೇನೆ ಅಂದರು ಭಾವ. ಮ್ಯಾನೇಜರ್ ಒಪ್ಪಿದರು, ಜೊತೆಗೊಬ್ಬ ಮೆಕ್ಯಾನಿಕ್ ಇರಬೇಕು ಅನ್ನುವ ಷರತ್ತಿನ ಮೇಲೆ. ಅದು ಸಹಾಯಕ್ಕಲ್ಲ, ಕಣ್ಣಿಡುವುದಕ್ಕೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಮಧ್ಯಾಹ್ನ ಅವಳು ಮ್ಯಾನೇಜರ್ ಹತ್ತಿರ ಕೀಲಿಗೊಂಚಲನ್ನು ಕೇಳಿ ತೆಗೆದುಕೊಂಡು ಸ್ಟೋರಿಗೆ ಹೋದಳು. ಮೌನಿ ಕೇಬಲ್‌ಗಳನ್ನು ಉದ್ದದ ಪ್ರಕಾರ ಸುತ್ತಿ, ಚೀಟಿ ಅಂಟಿಸಿ, ಗೋಡೆಗೆ ಒರಗಿಸಿಟ್ಟಿದ್ದ.

"ನಿಮ್ಮ ಹೆಸರು ಹೇಳಿದ್ದು ನಾನು. ತಪ್ಪಾಯ್ತು."

"ಗೊತ್ತು ಮೇಡಂ."

"ಸೋಮವಾರ ಸ್ವಲ್ಪ ಜಾಸ್ತಿ ಮಾತಾಡಿದ್ರೆ..." ಅಂದವಳು ಅಲ್ಲಿಗೇ ಮಾತು ನುಂಗಿಕೊಂಡಳು.

ಮೌನಿ ಅವಳನ್ನು ನೋಡಿದ. "ನೀವು ಮುಟ್ಟಿದ್ರಾ ಅಂತ ಕೇಳಿದ್ರಿ, ಇಲ್ಲ ಅಂದೆ. ಅದಕ್ಕಿಂತ ಉದ್ದ ಹೇಳಿದ್ರೆ ನಂಬ್ತಿದ್ರಾ?"

ಅವಳು ಯೋಚಿಸಿದಳು. "ಇಲ್ಲ," ಅಂದಳು.

ಅವನು ಅವಳ ಕೈಯಿಂದ ಕೀಲಿ ತೆಗೆದುಕೊಂಡು ಹೋದ. ಸೋಮವಾರವೇ 'ಬಿಲ್ಡ್' ಖಾತೆ ಮುಚ್ಚಿ ಮೂವರಿಗೂ ಬೇರೆ ಬೇರೆ ಖಾತೆ ಮಾಡಿಕೊಟ್ಟ. ಆಮೇಲೂ ಅವಳ ಜೊತೆ ಮೊದಲಿನಷ್ಟೇ ಮಾತು, ಆದರೆ ಅವಳು ಏನಾದರೂ ಬೇಕು ಅಂದರೆ ಬರೆದು ಕೊಡಿ ಅನ್ನುತ್ತಿದ್ದ. ಅವಳು ಬರೆದು ಕೊಡುತ್ತಿದ್ದಳು.

ಅಕ್ಕನಿಂದ ಐದು ವಾರ ಫೋನಿಲ್ಲ. ಇವಳು ಮಾಡಿದರೆ ಎತ್ತಲಿಲ್ಲ. ಭಾವ ಮೂವತ್ತನೆಯದೋ ಮೂವತ್ತೊಂದನೆಯದೋ ಕಟ್ಟಡದಲ್ಲಿದ್ದ ಒಂದು ಶನಿವಾರ, ಬಾಗಿಲು ಬಡಿದ ಸದ್ದಾಗಿ ತೆಗೆದರೆ ಅಕ್ಕ ನಿಂತಿದ್ದಳು. ಒಳಗೆ ಬಂದು ಕೂತಳು, ಕೊಟ್ಟ ನೀರು ಕುಡಿದಳು, ಲೋಟ ಕೆಳಗಿಟ್ಟಳು.

"ಅವರು ಮಾಡಿದ್ದು ಅವರು ಅನುಭವಿಸ್ತಿದಾರೆ. ಅದರ ಬಗ್ಗೆ ನಿನ್ನ ಹತ್ರ ಜಗಳಕ್ಕೆ ಬಂದಿಲ್ಲ. ಒಂದು ಕೇಳಬೇಕು. ಆವತ್ತು ನೀನು ಬಂದಿದ್ದು ನನ್ನ ನೋಡೋಕಾ, ವಿಚಾರಿಸೋಕಾ?"

"ವಿಚಾರಿಸೋಕೆ."

"ನನಗೂ ಗೊತ್ತಿತ್ತು ಅಂದ್ಕೊಂಡಿದ್ಯಾ?"

ಇಲ್ಲ ಅನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. "ಬಸ್ಸಲ್ಲಿ ಬರುವಾಗ ಹಾಗೂ ಅನ್ನಿಸಿತ್ತು," ಅಂದಳು.

ಅಕ್ಕ ಮೂಗೊರೆಸಿಕೊಂಡು, "ಇನ್ನೊಂದು ಸಲ ಹಾಗೆ ಬರೋದಿದ್ರೆ ಬಾಗಿಲಲ್ಲೇ ಹೇಳಿಬಿಡು. ನಾನು ಚಹಾ ಮಾಡಲ್ಲ," ಅಂದಳು. ಎದ್ದು ಹೋಗಲಿಲ್ಲ. ಅವಳು ಅಕ್ಕನ ಪಕ್ಕಕ್ಕೆ ಬಂದು ಕೂತಳು.